ಐವತ್ತರ ಹೊಸ್ತಿಲಲ್ಲಿ ಒಂದು ಪುಸ್ತಕ

ಹುತ್ತರಿ ಹಾಡು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಪಂಜೆ ಮಂಗೇಶರಾಯರು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯ. ಕೊಡಗನ್ನ ಒಂದು ಸಲವೂ ನೋಡದೇ ಇದ್ದವರಿಗೂ ಆ ಪದ್ಯದಿಂದ ಕೊಡಗು ಗೊತ್ತು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರು ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಊರಿನವರಲ್ಲದಿದ್ದರೂ ಊರಿನ ಮೇಲೆ ಅಷ್ಟು ಚೆಂದದ ಪದ್ಯ ಬರೆದರು. ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಸರಿ, ಈಗ ಇನ್ನೊಂದು ಪ್ರಶ್ನೆ. ನಡಿಕೇರಿಯಂಡ ಚಿಣ್ಣಪ್ಪ ಅಂದ್ರೆ ಯಾರು ಗೊತ್ತಾ?

ಆಫೀಸಿನಲ್ಲಿ ಊಟದ ಹೊತ್ತಿಗೆ ಇದನ್ನ ಕೇಳಿದೆ. ಟೇಬಲ್ ಸುತ್ತ ಆರು ಜನ ಕನ್ನಡಿಗರಿದ್ದರು. ಒಬ್ಬ "ಹಾಕಿ ಪ್ಲೇಯರ್ರಾ?" ಅಂದ. ಇನ್ನೊಬ್ಬಳು "ಆರ್ಮಿಯಲ್ಲಿದ್ರಾ?" ಅಂದಳು. ಕೊಡಗಿನ ಹೆಸರು ಕೇಳಿದರೆ ಬರೋ ಉತ್ತರ ಇವೆರಡೇ! ಮೂರನೆಯದು ಕಾಫಿ ಎಸ್ಟೇಟು.

ಚಿಣ್ಣಪ್ಪನವರು ಹುಟ್ಟಿದ್ದು 1875ರಲ್ಲಿ. ಪಂಜೆಯವರಿಗಿಂತ ಒಂದೇ ವರ್ಷ ಚಿಕ್ಕವರು. ಕೆಲಸ ಪೊಲೀಸ್ ಇಲಾಖೆಯಲ್ಲಿ. ಹಾಡುಗಾರರು, ಹಾಡು ಕಟ್ಟೋರು ಕೂಡ. ಕೊಡಗಿನಲ್ಲಿ ತಲೆಮಾರುಗಳಿಂದ ಬರೀ ಬಾಯಲ್ಲೇ ಉಳಿದಿದ್ದ ಹಾಡುಗಳನ್ನ ಕೇಳಿ, ಬರೆದು, ಜೋಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನೋ ಪುಸ್ತಕ ತಂದರು. ಆಗ ಅವರು ಐವತ್ತರ ಹೊಸ್ತಿಲಲ್ಲಿದ್ದರು. 1931ರಲ್ಲಿ ತೀರಿಹೋದರು. ಅಂದ್ರೆ ಪುಸ್ತಕ ಬಂದ ಮೇಲೆ ಅವರಿಗೆ ಸಿಕ್ಕಿದ್ದು ಏಳೇ ವರ್ಷ.

ಈ ಲೆಕ್ಕ ಹಾಕಿದ ದಿನದಿಂದ ತಲೆಯಲ್ಲಿ ಏನೋ ಕೊರೀತಾ ಇದೆ. ಅದಕ್ಕೇ ಬರೀತಾ ಇದ್ದೀನಿ.

* * *

ನಂದು ಸೋಮವಾರಪೇಟೆ ಕಡೆ. ಮನೆಮಾತು ಕನ್ನಡ. ಕೊಡವ ತಕ್ಕ್ ನನಗೆ ಅರ್ಧ ಅರ್ಥವಾಗುತ್ತೆ, ಇನ್ನರ್ಧ ಊಹೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು. ವಯಸ್ಸು 28. ಮನೆಯಲ್ಲಿ ಒಂದು ಗಿಟಾರ್ ಇದೆ, ಹರಿದ ಡೈರಿಯಲ್ಲಿ ನಾನೇ ಬರೆದ ಹದಿನೆಂಟು ಹಾಡುಗಳಿವೆ. ಅವನ್ನ ಕೇಳಿದವರು ನನ್ನ ರೂಮ್‌ಮೇಟ್ ಮತ್ತು ಪಕ್ಕದ ಮನೆಯ ಆಂಟಿ. ಆಂಟಿ ಕೇಳಿದ್ದು ಬೇರೆ ದಾರಿ ಇಲ್ಲದೆ :)

ನಮ್ಮ ಫೀಲ್ಡಿನಲ್ಲಿ ವಯಸ್ಸಿನ ಲೆಕ್ಕ ಬೇರೆ ಥರ. ಇಪ್ಪತ್ತೈದಕ್ಕೆ ಆನ್‌ಸೈಟ್, ಇಪ್ಪತ್ತೆಂಟಕ್ಕೆ ಲೀಡ್, ಮೂವತ್ತಕ್ಕೆ ಮ್ಯಾನೇಜರ್, ಇಲ್ಲಾಂದ್ರೆ 'ಅವನು ಅಲ್ಲೇ ಉಳಿದುಬಿಟ್ಟ'. ಮೂವತ್ತರೊಳಗೆ ಗೆದ್ದ ಮೂವತ್ತು ಜನ ಅಂತ ಪತ್ರಿಕೆಗಳು ಪಟ್ಟಿ ಮಾಡ್ತಾವೆ. ನಲವತ್ತೊಂಬತ್ತರಲ್ಲಿ ಗೆದ್ದವರ ಪಟ್ಟಿ ಮಾಡೋರು ಯಾರೂ ಇಲ್ಲ. ಊರಿಗೆ ಹೋದರೆ ದೊಡ್ಡಪ್ಪ "ಇನ್ನೂ ಆ ತಂತಿ ಮೀಟೋದು ಬಿಟ್ಟಿಲ್ವೇನೋ?" ಅಂತಾರೆ. ಅವರ ದನಿಯಲ್ಲಿ ಸಿಟ್ಟಿಲ್ಲ. ಕನಿಕರ ಇದೆ. ಅದು ಸಿಟ್ಟಿಗಿಂತ ಕಷ್ಟ.

ನಮ್ಮ ಟೀಮಿನಲ್ಲಿ ಟೆಕ್ಸಸ್‌ನವರೊಬ್ಬರಿದ್ದಾರೆ. ರಾತ್ರಿ ಕಾಲ್‌ನಲ್ಲಿ ಬಿಲ್ಡ್ ಮುಗಿಯೋವರೆಗೆ ಕಾಯ್ತಾ ಹಾಡಿನ ವಿಷಯ ಬಂತು. ಅವರು ಕಂಟ್ರಿ ಸಂಗೀತದ ಹುಚ್ಚರು. ಕಂಟ್ರಿ ಅಂದ್ರೆ ಅಲ್ಲಿನ ಹಳ್ಳಿಗಾಡಿನ ಹಾಡಿನಿಂದ ಬೆಳೆದು ಬಂದ ಪ್ರಕಾರ. ಹೊಲ, ರೈಲು, ಚರ್ಚು, ಕುಡಿತ, ಮುರಿದ ಸಂಸಾರ, ಎಲ್ಲ ಅದರಲ್ಲಿರುತ್ತೆ. ಅವರು ಹೇಳಿದ ಹೆಸರು ಕೆ.ಟಿ. ಆಸ್ಲಿನ್. 1942ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿದ ಹೆಂಗಸು. ನಾಟಕಗಳ ಮೇಳದಲ್ಲಿ ಹಿಂದೆ ನಿಂತು ಹಾಡಿದರು, ಜಾಹೀರಾತುಗಳಿಗೆ ದನಿ ಕೊಟ್ಟರು, ತಾವು ಬರೆದ ಹಾಡುಗಳನ್ನ ಬೇರೆಯವರಿಗೆ ಕೊಟ್ಟರು. 'ಏಯ್ಟೀಸ್ ಲೇಡೀಸ್' ಅನ್ನೋ ಆಲ್ಬಮ್ ಬಂದು ದೇಶವೆಲ್ಲ ಅವರ ಕಡೆ ತಿರುಗಿದ್ದು 1987ರಲ್ಲಿ, ಅವರ 45ನೇ ವಯಸ್ಸಿನಲ್ಲಿ. ಮರುವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿ. ಹಾಡು ಬರೆದದ್ದಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2020ರಲ್ಲಿ ತೀರಿಕೊಂಡರು.

ಕಥೆ ಚೆನ್ನಾಗಿದೆ. ಆದರೆ ಕಾಲ್ ಮುಗಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ನಮ್ಮೂರಲ್ಲಿ ಇಂಥವರು ಯಾರೂ ಇಲ್ವಾ? ಯೋಚಿಸ್ತಾ ಹೋದಾಗ ಬಂದ ಹೆಸರು ಚಿಣ್ಣಪ್ಪನವರದ್ದು.

* * *

ಕೊಡಗು ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ್ಯ. ಅಲ್ಲಿ ಒಬ್ಬ ಪೊಲೀಸ್ ಅಧಿಕಾರಿ. ನಮ್ಮ ಕಣ್ಣಿಗೆ ಬರೋ ಚಿತ್ರ ಏನು? ಖಾಕಿ, ಲಾಠಿ, ಮಹಜರು. ಮಳೆಗಾಲದಲ್ಲಿ ಕಾಲುದಾರಿ, ಜಿಗಣೆ, ಹೊಳೆ ತುಂಬಿದರೆ ಆಚೆಗೆ ದಾರಿಯಿಲ್ಲ. ಅಂಥ ಕೆಲಸದ ನಡುವೆ ಈ ಮನುಷ್ಯ ಹಾಡುಗಾರರನ್ನ ಹುಡುಕಿದ, ಕೂರಿಸಿ ಹಾಡಿಸಿದ, ಬರೆದುಕೊಂಡ.

ಕೊಡಗಿನ ಹಾಡುಗಳು ಅದಕ್ಕೆ ಮುಂಚೆ ಅಚ್ಚಾಗಿರಲೇ ಇಲ್ಲ ಅಂತಲ್ಲ. 1871ರಲ್ಲೇ ಚಾರ್ಲ್ಸ್ ಗೋವರ್ ಅನ್ನೋ ಇಂಗ್ಲಿಷಿನವರು ದಕ್ಷಿಣ ಭಾರತದ ಜನಪದ ಹಾಡುಗಳ ಪುಸ್ತಕದಲ್ಲಿ ಕೊಡಗಿನವಕ್ಕೂ ಒಂದು ಅಧ್ಯಾಯ ಕೊಟ್ಟಿದ್ದರು. ಆದರೆ ಅದು ಇಂಗ್ಲಿಷು. ಹಾಡಿದವನು ತನ್ನ ಹಾಡನ್ನ ಅಲ್ಲಿ ಗುರುತು ಹಿಡಿಯೋಕೆ ಆಗ್ತಿರಲಿಲ್ಲ. ಚಿಣ್ಣಪ್ಪನವರು ಹಾಡುಗಳನ್ನ ಕೊಡವ ತಕ್ಕ್‌ನಲ್ಲೇ, ಕನ್ನಡ ಲಿಪಿಯಲ್ಲಿ ಇಟ್ಟರು. ಯಾರು ಹಾಡಿದರೋ ಅವರ ಮಕ್ಕಳು ಓದಬಹುದಾದ ಹಾಗೆ.

ಯೂನಿಕೋಡ್ ಬರೋ ಮುಂಚೆ ಕನ್ನಡ ಟೈಪ್ ಮಾಡಿ ಒದ್ದಾಡಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತೆ. ಕೊಡವ ತಕ್ಕ್‌ನಲ್ಲಿ ಕನ್ನಡದಲ್ಲಿಲ್ಲದ ಕೆಲವು ಸ್ವರಗಳಿವೆ. ನಾಲಿಗೆ ಹಿಂದಕ್ಕೂ ಹೋಗದೆ ಮುಂದಕ್ಕೂ ಬರದೆ ನಡುವೆ ನಿಂತು ಹೊರಡೋ ಸ್ವರಗಳು. ನಮ್ಮ ಅಕ್ಷರಮಾಲೆಯಲ್ಲಿ ಅವಕ್ಕೆ ಮನೆ ಇಲ್ಲ. ಕಿವಿಗೆ ಬಿದ್ದದ್ದು ಒಂದು, ಬರೆಯೋಕೆ ಇರೋ ಅಕ್ಷರ ಇನ್ನೊಂದು. ಆ ಅಕ್ಷರಗಳನ್ನೇ ಇಟ್ಟುಕೊಂಡು ಇಡೀ ಪುಸ್ತಕ ಬರೆದಿದ್ದಾರೆ.

ಪುಸ್ತಕದ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಹಾಡುಗಳು. ಮದುವೆಯ ಹಾಡು, ಹಬ್ಬದ ಹಾಡು, ಸಾವಿನ ಹಾಡು, ವೀರರ ಹಾಡು, ದೇವರ ಹಾಡು. ಉಳಿದದ್ದರಲ್ಲಿ ಆಚಾರ, ಪದ್ಧತಿ, ಗಾದೆ, ಒಗಟು. ಹುಟ್ಟಿನಿಂದ ಸಾವಿನವರೆಗೆ ಒಂದು ಜನ ಹೇಗೆ ಬದುಕಿದರು ಅನ್ನೋದೆಲ್ಲ ಅಲ್ಲಿದೆ.

ಇಷ್ಟು ಹಾಡು ಒಂದು ವರ್ಷದಲ್ಲಿ ಸಿಗಲ್ಲ. ಸಾವಿನ ಹಾಡು ಕೇಳಬೇಕಾದರೆ ಸಾವಿನ ಮನೆಗೆ ಹೋಗಬೇಕು. ಹುತ್ತರಿ ವರ್ಷಕ್ಕೆ ಒಂದೇ ಸಲ. ಆ ವರ್ಷ ಡ್ಯೂಟಿ ಬಿದ್ದರೆ ಮುಂದಿನ ವರ್ಷವೇ. 'ತಡವಾಗಿ ಬಂದ ಪುಸ್ತಕ' ಅಂತ ಮೊದಲು ನಾನೂ ಅಂದುಕೊಂಡೆ. ಈಗ ನೋಡಿದರೆ ಅದು ತಡವೇ ಅಲ್ಲ. ಆ ಪುಸ್ತಕಕ್ಕೆ ಅಷ್ಟು ವರ್ಷ ಬೇಕಿತ್ತು, ಅಷ್ಟೇ. ಇಪ್ಪತ್ತೆಂಟರಲ್ಲಿ ಚಿಣ್ಣಪ್ಪನವರು ಅದನ್ನ ಬರೆಯೋಕೆ ಸಾಧ್ಯವೇ ಇರಲಿಲ್ಲ. ಕೇಳಬೇಕಾದದ್ದು ಇನ್ನೂ ಬಾಕಿ ಇತ್ತು.

* * *

ಕಳೆದ ವರ್ಷದ ಹುತ್ತರಿಗೆ ವಿರಾಜಪೇಟೆ ಹತ್ತಿರದ ಗೆಳೆಯನ ಮನೆಗೆ ಹೋಗಿದ್ದೆ. ಕಾಲೇಜಿನ ಗೆಳೆಯ, ಹಾಸ್ಟೆಲಿನಲ್ಲಿ ಒಂದೇ ರೂಮು. ಹುತ್ತರಿ, ಅವರ ಭಾಷೆಯಲ್ಲಿ ಪುತ್ತರಿ, ಹೊಸ ಅಕ್ಕಿಯ ಹಬ್ಬ. ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದು ತರೋದು, ಕೋವಿ ಹಾರಿಸೋದು, ಬಾಳೆಹಣ್ಣು ಕಲಸಿದ ತಂಬಿಟ್ಟು. ಆಮೇಲೆ ದಿನಗಟ್ಟಲೆ ಮಂದ್‌ಗಳಲ್ಲಿ ಕೋಲಾಟ.

ಗೆಳೆಯನ ಅಜ್ಜನಿಗೆ ಎಂಬತ್ತು ದಾಟಿದೆ. ವಯಸ್ಸಿದ್ದಾಗ ಹುತ್ತರಿಗೆ ಮನೆಮನೆಗೆ ಹೋಗಿ ಪಾಟ್ ಹಾಡುತ್ತಿದ್ದವರು. ಪಾಟ್ ಅಂದ್ರೆ ಹಾಡು. ಅದನ್ನ ಒಬ್ಬರೇ ಹಾಡೋದಲ್ಲ. ನಾಲ್ಕು ಜನ, ಎಲ್ಲರ ಕೈಯಲ್ಲೂ ದುಡಿ. ದುಡಿ ಅಂದ್ರೆ ನಡು ಸಣ್ಣಗಿರೋ ಪುಟ್ಟ ಚರ್ಮವಾದ್ಯ. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನ ಎತ್ತಿಕೊಳ್ತಾರೆ. ಮತ್ತೆ ಇವರು, ಮತ್ತೆ ಅವರು. ಹೀಗೇ ಗಂಟೆಗಟ್ಟಲೆ.

ನಾನು ಮೊಬೈಲು, ಒಂದು ಒಳ್ಳೆ ಮೈಕು ಎಲ್ಲ ತಯಾರಿ ಮಾಡಿಕೊಂಡೇ ಹೋಗಿದ್ದೆ. ನೆಲ್ಲಕ್ಕಿ ನಡುಬಾಡೆ ಅಂತ ಕರೆಯೋ ಅವರ ನಡುಮನೆಯಲ್ಲಿ ತೂಗುದೀಪದ ಹತ್ತಿರ ಅಜ್ಜನನ್ನ ಕೂರಿಸಿದೆವು. ಗೋಡೆಯಲ್ಲಿದ್ದ ದುಡಿ ಇಳಿಸಿಕೊಟ್ಟೆವು. ಚರ್ಮ ಸಡಿಲವಾಗಿತ್ತು. ಅಜ್ಜ ಅದನ್ನ ಒಲೆಯ ಹತ್ತಿರ ಸ್ವಲ್ಪ ಹೊತ್ತು ಹಿಡಿಯೋಕೆ ಹೇಳಿದರು. ಆಮೇಲೆ ಬೆರಳಲ್ಲಿ ಬಡಿದು ನೋಡಿ, ತಲೆ ಆಡಿಸಿ, ಶುರು ಮಾಡಿದರು.

ಒಂದು ಸಾಲು ಹಾಡಿ ನಿಂತರು.

ಮರೆತುಹೋಯ್ತೇನೋ ಅಂತ ನಾವು ಕಾದೆವು. ದುಡಿ ಮಾತ್ರ ಸಣ್ಣಗೆ ನಡೀತಾ ಇತ್ತು. ಮತ್ತೆ ಅದೇ ಸಾಲು. ಮತ್ತೆ ನಿಂತರು.

"ಯಾಕಜ್ಜ, ನೆನಪಾಗ್ತಿಲ್ವಾ?" ಅಂದೆ.

"ನೆನಪಿದೆ. ಎತ್ತಿಕೊಳ್ಳೋರು ಇಲ್ವಲ್ಲ ಮಗ" ಅಂದರು. "ಅವರು ಹಾಡ್ತಾ ಇರೋವಾಗ ತಾನೇ ಮುಂದಿನ ಸಾಲು ನನ್ನ ಬಾಯಿಗೆ ಬರೋದು?"

ಅವರ ಜೊತೆ ಹಾಡುತ್ತಿದ್ದ ಮೂವರೂ ಈಗಿಲ್ಲ. ಕೊನೆಯವರು ಹೋಗಿ ಆರು ವರ್ಷ ಆಯ್ತಂತೆ.

ಆಗ ನನಗೆ ಈ ಹಾಡು ಕೆಲಸ ಮಾಡೋ ರೀತಿ ಗೊತ್ತಾಯ್ತು. ಆ ಇನ್ನಿಬ್ಬರು ಬರೀ ಹಿಮ್ಮೇಳದವರಲ್ಲ. ಅವರು ಸಾಲು ಎತ್ತಿಕೊಂಡ ಅಷ್ಟು ಹೊತ್ತು ಮೊದಲಿನ ಇಬ್ಬರಿಗೆ ಯೋಚಿಸೋಕೆ ಸಿಗೋ ಸಮಯ. ಯಾರ ಮನೆ ಮುಂದೆ ನಿಂತಿದ್ದಾರೋ ಆ ಮನೆಯ ಹೆಸರು ಹಾಡಿನೊಳಗೆ ಬರಬೇಕು, ಆ ಒಕ್ಕದ ಹಿರಿಯರು ಬರಬೇಕು. ಬಾಯಿಪಾಠ ಮಾಡಿದ್ದು ಒಪ್ಪಿಸಿದರೆ ಆಗಲ್ಲ, ಹಾಡ್ತಾ ಹಾಡ್ತಾ ಕಟ್ಟಬೇಕು. ನಾನು ಡೈರಿ ಹಿಡಿದು ಎರಡು ತಿಂಗಳಿಗೊಂದು ಹಾಡು ಬರೆದು 'ಸಾಂಗ್‌ರೈಟರ್' ಅಂದುಕೊಳ್ತೀನಿ. ಅಜ್ಜ ಮತ್ತು ಅವರ ಜೊತೆಗಾರರು ಮನೆ ಮನೆ ಮುಂದೆ ನಿಂತಲ್ಲೇ ಬರೀತಿದ್ದರು, ಅದೂ ಕಾಗದ ಇಲ್ಲದೆ.

ಗೆಳೆಯ ಒಳಗೆ ಹೋಗಿ ಒಂದು ಪುಸ್ತಕ ತಂದ. ಪಟ್ಟೋಲೆ ಪಳಮೆ. ಅವರ ಮನೆಯಲ್ಲಿ ಅದು ದೇವರ ಪಟದ ಪಕ್ಕದ ಶೆಲ್ಫಿನಲ್ಲಿತ್ತು. ಹುತ್ತರಿ ಹಾಡಿನ ಪುಟ ತೆಗೆದು "ನೀವು ಹಾಡಿ ಅಜ್ಜ, ನಾನು ಎತ್ತಿಕೊಳ್ತೀನಿ" ಅಂದ. ಅವನು ಬ್ಯಾಂಕ್ ಸಾಫ್ಟ್‌ವೇರ್ ಬರೆಯೋನು, ಹಾಡುಗಾರನಲ್ಲ. ರಾಗ ಎಲ್ಲೆಲ್ಲೋ ಹೋಗ್ತಿತ್ತು. ಆದರೂ ಅಜ್ಜ ಒಂದು ಸಾಲು ಹೇಳಿದರು, ಇವನು ಪುಸ್ತಕದ ಮೇಲೆ ಬೆರಳಿಟ್ಟು ಅದನ್ನೇ ತಿರುಗಿ ಹೇಳಿದ. ಅಷ್ಟರಲ್ಲಿ ಅಜ್ಜನಿಗೆ ಮುಂದಿನದು ಬಂತು. ಹೀಗೆ ಸುಮಾರು ಇಪ್ಪತ್ತು ನಿಮಿಷ!

ನಡುವೆ ಒಂದು ಕಡೆ ಗೆಳೆಯ ತಡೆದ. "ಪುಸ್ತಕದಲ್ಲಿ ಬೇರೆ ಥರ ಇದೆ ಅಜ್ಜ."

ಅಜ್ಜ ದುಡಿ ನಿಲ್ಲಿಸದೇ ಹೇಳಿದರು. "ಅದು ಅವರಿಗೆ ಹಾಡಿಕೊಟ್ಟವರ ಪಾಟ್. ಇದು ನಮ್ಮೂರಿನದು. ನೀನು ನಾನು ಹೇಳಿದ್ದನ್ನ ಹೇಳು."

ಆ ಇಪ್ಪತ್ತು ನಿಮಿಷ ನನ್ನ ಮೊಬೈಲಿನಲ್ಲಿದೆ. ಸುಮಾರು ಸಲ ಕೇಳಿದ್ದೀನಿ. ನಾಯಿ ಬೊಗಳಿದ್ದು, ದೂರದ ಕೋವಿ ಸದ್ದು, ಒಳಗೆ ಪಾತ್ರೆ ಬಿದ್ದದ್ದು ಎಲ್ಲ ಕೇಳುತ್ತೆ. ಒಂದಂತೂ ಖಾತ್ರಿಯಾಯ್ತು. ಮೈಕು ಕೇಳಿಸಿಕೊಳ್ಳುತ್ತೆ, ಎತ್ತಿಕೊಳ್ಳಲ್ಲ. ಅವತ್ತು ಎತ್ತಿಕೊಂಡದ್ದು ನೂರು ವರ್ಷದ ಹಿಂದಿನ ಒಬ್ಬ ಪೊಲೀಸ್ ಅಧಿಕಾರಿಯ ಪುಸ್ತಕ ಮತ್ತು ರಾಗ ಗೊತ್ತಿಲ್ಲದ ಒಬ್ಬ ಮೊಮ್ಮಗ.

* * *

ಚಿಣ್ಣಪ್ಪನವರ ಯಶಸ್ಸಿನ ದೊಡ್ಡ ಪಾಲು ಅವರು ಹೋದ ಮೇಲೆ ಬಂದದ್ದು. ಎಂ.ಎನ್. ಶ್ರೀನಿವಾಸ್ ಹೆಸರು ನೀವು ಕೇಳಿರಬಹುದು. 'ಸಂಸ್ಕೃತೀಕರಣ' ಅನ್ನೋ ಪರಿಕಲ್ಪನೆಯನ್ನ ಸಮಾಜಶಾಸ್ತ್ರಕ್ಕೆ ಕೊಟ್ಟ ನಮ್ಮ ಮೈಸೂರಿನವರು. ಅವರಿಗೆ ಹೆಸರು ತಂದ ಪುಸ್ತಕ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ, 1952ರಲ್ಲಿ ಬಂತು. ಅದರಲ್ಲಿ ಪಟ್ಟೋಲೆ ಪಳಮೆಯ ಹಾಡುಗಳನ್ನ ಅವರು ಸಾಕಷ್ಟು ಬಳಸಿಕೊಂಡಿದ್ದಾರೆ. ಪೊಲೀಸರು ಬರೆದುಕೊಂಡದ್ದು ಪ್ರೊಫೆಸರರ ಕೈಗೆ ಆಧಾರವಾಯ್ತು.

1975ರಲ್ಲಿ ಮೈಸೂರು ವಿಶ್ವವಿದ್ಯಾಲಯ ಪುಸ್ತಕವನ್ನ ಮತ್ತೆ ಅಚ್ಚು ಹಾಕಿಸಿತು. 2003ರಲ್ಲಿ ಅವರ ಮೊಮ್ಮಕ್ಕಳು, ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ, ಅದನ್ನ ಇಂಗ್ಲಿಷಿಗೆ ತಂದರು. ನಂಜಮ್ಮನವರು ಹೆಸರಾಂತ ಸಂಖ್ಯಾಶಾಸ್ತ್ರಜ್ಞೆ. ಅಂಕಿಗಳ ಜೊತೆ ಬದುಕಿದವರು ಅಜ್ಜನ ಹಾಡುಗಳ ಸಾಲು ಸಾಲು ಹಿಡಿದು ಕೂತರು ಅನ್ನೋದು ಒಬ್ಬ ಎಂಜಿನಿಯರನಾಗಿ ನನಗೆ ತುಂಬಾ ಹಿಡಿಸಿತು.

ಇನ್ನು ಅವರೇ ಬರೆದ ಹಾಡು. ಭಗವದ್ಗೀತೆಯನ್ನ ಅವರು ಕೊಡವ ತಕ್ಕ್‌ಗೆ ಹಾಡಿನ ರೂಪದಲ್ಲಿ ತಂದಿದ್ದಾರೆ. ಅದಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿರೋದು 'ಶ್ರೀ ಮೂಲ ಕನ್ನಿಯೇ'. ಕಾವೇರಿಯನ್ನ ನೆನೆದು ಶುರುವಾಗೋ ಹಾಡು. ಕೊಡವರ ಸಭೆ ಸಮಾರಂಭಗಳಲ್ಲಿ ಅದು ನಾಡಗೀತೆಯ ಹಾಗೆ. ಎಲ್ಲರೂ ಎದ್ದು ನಿಲ್ತಾರೆ, ಎಲ್ಲರಿಗೂ ಬರುತ್ತೆ. ಆ ಹಬ್ಬದಲ್ಲೇ ಮಂದ್ ಹತ್ತಿರ ಸಿಕ್ಕ ನಾಲ್ಕೈದು ಹುಡುಗರನ್ನ ಕೇಳಿದೆ, ಅದನ್ನ ಬರೆದವರು ಯಾರು ಅಂತ. "ಅದು ಹಳೇದು, ಮುಂಚಿಂದಲೂ ಇದೆ" ಅಂದರು.

ಮೊದಲು ಬೇಜಾರಾಯ್ತು. ವಾಪಸ್ ಬರೋ ಬಸ್ಸಿನಲ್ಲಿ ಕೂತು ಯೋಚಿಸಿದರೆ ಹಾಗೆ ಅನ್ನಿಸಲಿಲ್ಲ. ಸುಮಾರು ನೂರು ವರ್ಷದ ಹಿಂದೆ ಬರೆದ ಹಾಡನ್ನ ಹದಿನೆಂಟರ ಹುಡುಗರು 'ಮುಂಚಿಂದಲೂ ಇದೆ' ಅಂತಾರೆ ಅಂದ್ರೆ, ಜನಪದ ಹಾಡುಗಳನ್ನ ಕೂಡಿಸಿದ ಮನುಷ್ಯನ ಸ್ವಂತ ಹಾಡೂ ಜನಪದದ ಜೊತೆ ಸೇರಿಹೋಯ್ತು ಅಂತ. ಆಸ್ಲಿನ್ ಹೆಸರು ಪ್ರಶಸ್ತಿಯ ಮೇಲೆ ಉಳಿದಿದೆ. ಇವರ ಹೆಸರು ಹಾಡಿನಿಂದ ಉದುರಿಹೋಗಿದೆ, ಹಾಡು ನಿಂತಿದೆ. ಎರಡರಲ್ಲಿ ಯಾವುದು ಬೇಕು ಅಂತ ನನ್ನನ್ನ ಕೇಳಿದರೆ ಉತ್ತರ ಹೇಳೋದು ಕಷ್ಟ. ಹೆಸರಿನ ಆಸೆ ನನಗಿನ್ನೂ ಹೋಗಿಲ್ಲ :)

ಆದರೆ ಒಂದು ವಿಷಯ ಬೇಜಾರು ಅಂತ ಹೇಳಲೇಬೇಕು. 2011ರ ಜನಗಣತಿ ಪ್ರಕಾರ ಕೊಡವ ತಕ್ಕ್ ಮನೆಮಾತು ಅಂದವರು ಸುಮಾರು 1 ಲಕ್ಷದ 14 ಸಾವಿರ ಜನ. ಬೆಂಗಳೂರಿನ ನಮ್ಮ ಒಂದೆರಡು ಬಡಾವಣೆಗಳಲ್ಲಿ ಅದಕ್ಕಿಂತ ಹೆಚ್ಚು ಜನ ಇರ್ತಾರೆ. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಆಯ್ತು, ಪುಸ್ತಕಗಳು ಬರ್ತಿವೆ, ಹುತ್ತರಿ ಕೋಲಾಟಕ್ಕೆ ಜನ ಸೇರ್ತಾರೆ. ಕೋಲಾಟ ನಿಲ್ಲಲ್ಲ, ಅದು ನೋಡೋಕೆ ಚೆಂದ, ವಿಡಿಯೋಗೂ ಚೆಂದ. ನಾಲ್ಕು ಜನ ದುಡಿ ಹಿಡಿದು ಗಂಟೆಗಟ್ಟಲೆ ಹಾಡೋದು ಹಾಗಲ್ಲ. ಅದಕ್ಕೆ ನಾಲ್ವರೂ ಬೇಕು, ನಾಲ್ವರೂ ವರ್ಷಾನುಗಟ್ಟಲೆ ಒಟ್ಟಿಗೆ ಹಾಡಿರಬೇಕು. ಮೂವರು ಬೆಂಗಳೂರಿನಲ್ಲಿದ್ದು ಒಬ್ಬ ಊರಲ್ಲಿದ್ದರೆ ಆಗಲ್ಲ.

ಮೊನ್ನೆ ಗೆಳೆಯ ಫೋನ್ ಮಾಡಿದ್ದ. ದುಡಿಗೆ ಹೊಸ ಚರ್ಮ ಹಾಕಿಸಿದನಂತೆ. ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜನ ಜೊತೆ ಅರ್ಧ ಗಂಟೆ ಕೂತುಕೊಳ್ತಾನಂತೆ. ನೆಟ್‌ವರ್ಕ್ ಒಂದು ಸೆಕೆಂಡು ತಡ ಆಗೋದರಿಂದ ತಾಳ ಕೂಡಲ್ಲ, ಅಜ್ಜ ಬೈತಾರೆ. "ನೀನೂ ಬಾರೋ, ಇಬ್ಬರಾದ್ರೆ ಎತ್ತಿಕೊಳ್ಳೋಕೆ ಸರಿ ಹೋಗುತ್ತೆ" ಅಂದ. "ನನಗೆ ಭಾಷೆ ಅರ್ಧ ಬರುತ್ತಲ್ಲೋ" ಅಂದೆ. "ತಿರುಗಿ ಹೇಳೋದು ತಾನೇ, ಅಷ್ಟು ಸಾಕು" ಅಂದ.

ಹೋಗ್ತಿದ್ದೀನಿ. ಮೂರು ಭಾನುವಾರ ಆಯ್ತು. ಡೈರಿಯ ಹತ್ತೊಂಬತ್ತನೇ ಹಾಡು ಅಲ್ಲೇ ನಿಂತಿದೆ, ನಿಂತಿರಲಿ.

ನಿಮ್ಮೂರ ಕಡೆಯೂ 'ಮುಂಚಿಂದಲೂ ಇದೆ' ಅಂತ ಎಲ್ಲರೂ ಅನ್ನೋ ಹಾಡು ಒಂದಾದರೂ ಇರುತ್ತೆ. ಅದನ್ನ ಕಟ್ಟಿದವರ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದ್ದರೆ ಕೇಳಿ ನೋಡಿ. ಸಿಕ್ಕರೆ ಇಲ್ಲಿ ಬರೀರಿ, ಪ್ಲೀಸ್. ಹಾಡಿನ ಮೊದಲ ಸಾಲು ಬೇಡ, ಹೆಸರು ಮತ್ತು ಊರು ಸಾಕು.